ಚೊಚ್ಚಲ ಮರಿಯ ಹರಕೆ

ನಮ್ಮ ಕಡೆ ಆಪರೇಷನ್ ಎಂದರೆ ಒಂದೇ. ಕಣ್ಣಿನ ಪೊರೆಯದೋ ಹರ್ನಿಯಾದ್ದೋ ಆಗಿದ್ದರೆ ಹೆಸರು ಹಿಡಿದು ಹೇಳಬೇಕು. ಬರೀ 'ಆಪರೇಷನ್ ಆಗೇತಿ' ಎಂದರೆ ಆ ಹೆಂಗಸಿಗೆ ಇನ್ನು ಮಕ್ಕಳಾಗುವುದಿಲ್ಲ ಎಂದರ್ಥ. ಯಾವ ಆಪರೇಷನ್ ಎಂದು ಯಾರೂ ಕೇಳುವುದಿಲ್ಲ. ಹತ್ತು ವರ್ಷದಿಂದ ನಾನು ಆಶಾ ಕೆಲಸ ಮಾಡುತ್ತಿದ್ದೇನೆ. ರಾಯಚೂರಿನ ಆಚೆ, ತೆಲಂಗಾಣದ ಮಕ್ತಲ್ ಸುತ್ತಿನ ಹಳ್ಳಿಗಳಿಂದ ಹೆಂಗಸರನ್ನು ಬಸ್ಸು ಹತ್ತಿಸಿಕೊಂಡು ನಾರಾಯಣಪೇಟೆಯ ದವಾಖಾನೆಗೆ ಕರೆದುಕೊಂಡು ಹೋಗಿ, ಆಪರೇಷನ್ ಮಾಡಿಸಿ, ಮನೆ ಮುಟ್ಟಿಸಿ ಬರುತ್ತೇನೆ. ನಮ್ಮ ಮಾತಿನಲ್ಲಿ ಅವರಿಗೆ ಕೇಸು ಎಂದು ಹೆಸರು. ಅವರ ಗಂಡಂದಿರು ಒಪ್ಪಿಗೆಯ ಕಾಗದಕ್ಕೆ ದಸ್ತಖತ್ ಹಾಕಲು ತೆಗೆದುಕೊಳ್ಳುವ ಹೊತ್ತು ಒಂದು ಬೀಡಿ ಸೇದುವಷ್ಟೂ ಇರುವುದಿಲ್ಲ. ಬೀಡಿಯನ್ನು ಬಾಯಲ್ಲೇ ಇಟ್ಟುಕೊಂಡು ಹಾಕಿದವರನ್ನೂ ನೋಡಿದ್ದೇನೆ. ಹಾಗಿರುವಾಗ ಒಂದು ನಾಯಿಗೆ ಆಪರೇಷನ್ ಯಾವಾಗ ಮಾಡಿಸಬೇಕು ಎಂದು ನಮ್ಮ ಮನೆ, ನಮ್ಮ ಓಣಿ, ನಮ್ಮ ದೇವರು ಎಲ್ಲ ಕೂಡಿ ತಿಂಗಳುಗಟ್ಟಲೆ ಪಂಚಾಯ್ತಿ ನಡೆಸಿದರು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ನಾನೂ ಒಂದು ಕಾಲಕ್ಕೆ ಕೇಸಾಗಿದ್ದೆ. ಎರಡನೇ ಮಗಳು ಹುಟ್ಟಿ ವರ್ಷ ತುಂಬಿರಲಿಲ್ಲ, ನನಗೆ ಇಪ್ಪತ್ಮೂರು. ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದಾಗ ಅತ್ತೆ ಬಂದು, "ಏಳು, ಸೀರಿ ಬದಲ ಮಾಡು, ಆಪರೇಷನ್‌ಗೆ ಹೋಗಬೇಕು" ಅಂದರು. ಹಂಚಿನ ಮೇಲಿನ ರೊಟ್ಟಿಯನ್ನು ಯಾರು ತಿರುವಿ ಹಾಕಿದರೋ ನನಗೆ ನೆನಪಿಲ್ಲ. ದವಾಖಾನೆಯಲ್ಲಿ ಗಂಡ ದಸ್ತಖತ್ ಹಾಕಿದ. ನನ್ನ ಸರದಿ ಬಂದಾಗ, ಬೇಗ ಆಗಲಿ ಎಂದು ಅತ್ತೆಯೇ ನನ್ನ ಕೈ ಹಿಡಿದು ಮಸಿಯಲ್ಲಿ ಅದ್ದಿ ಹೆಬ್ಬೆಟ್ಟು ಒತ್ತಿಸಿದರು. ನಾನು ಹತ್ತನೇ ತರಗತಿ ಪಾಸಾದವಳು. ಅಕ್ಷರ ಬರುತ್ತದೆ ಎಂದು ಹೇಳುವುದಕ್ಕೂ ಬಾಯಿ ಬರಲಿಲ್ಲ.

ನಾಯಿಯ ವಿಷಯಕ್ಕೆ ಬರುತ್ತೇನೆ. ನನ್ನ ಗಂಡ ಕುರುಬರ ಮನೆತನದವನು. ಇರುವ ಎರಡೆಕರೆಯನ್ನು ಪಾಲಿಗೆ ಹಾಕಿ, ಕುರಿ ಮಾರಿ ಆಟೋ ತೆಗೆದುಕೊಂಡು, ಮಕ್ತಲ್‌ನಿಂದ ಗದ್ವಾಲಕ್ಕೆ ಓಡಿಸುತ್ತಾನೆ. (ಬರೆಯುವಾಗ ಏಕವಚನ ನಡೆಯುತ್ತದೆ. ಮನೆಯಲ್ಲಿ 'ರೀ' ಅನ್ನದಿದ್ದರೆ ಗೋಡೆಗಳಿಗೂ ಸಿಟ್ಟು ಬರುತ್ತದೆ.) ಹೋದ ವರ್ಷ ಚಳಿಗಾಲದಲ್ಲಿ, ಜೂರಾಲದ ಹಿನ್ನೀರಿನ ಹತ್ತಿರ ತಂಗಿದ್ದ ಕುರಿಯವರಿಂದ ಒಂದು ಹೆಣ್ಣು ನಾಯಿಮರಿಯನ್ನು ಗೋಣಿಚೀಲದಲ್ಲಿ ಹಾಕಿಕೊಂಡು ತಂದ. ಕೆಂಪು ಬಣ್ಣ, ಒಂದು ಮುಂಗಾಲು ಮಾತ್ರ ಬಿಳಿ. ಮಕ್ಕಳು ಕೇಳಿದ್ದಕ್ಕೆ ತಂದನೆಂದು ತಿಳಿದೆ. ಇಷ್ಟು ವರ್ಷದಲ್ಲಿ ಮಕ್ಕಳು ಕೇಳಿದ್ದನ್ನು ಅವನು ತಂದದ್ದಿಲ್ಲ ಎಂಬುದು ಆಗ ತಲೆಗೆ ಹೊಳೆಯಲಿಲ್ಲ.

ಅದಕ್ಕೆ ಹೆಸರಿಡಲಿಲ್ಲ. ಅತ್ತೆ 'ಏ ಹುಡುಗಿ' ಎಂದು ಕರೆಯುತ್ತಿದ್ದರು. ಹಾಗೆ ಕರೆದರೆ ನನ್ನ ಇಬ್ಬರು ಹೆಣ್ಣುಮಕ್ಕಳೂ ಆ ನಾಯಿಯೂ ಒಟ್ಟಿಗೆ ತಿರುಗಿ ನೋಡುತ್ತಿದ್ದವು. ನಾನು ಕೆಲಸ ಮುಗಿಸಿ ಬಸ್ಸಿಳಿದರೆ, ಹುಣಸೆಮರದ ಹತ್ತಿರ ಕಾದು ಕುಳಿತು ನನ್ನ ಚೀಲವನ್ನು ಹಲ್ಲಲ್ಲಿ ಹಿಡಿದು ಮನೆತನಕ ಎಳೆಯುತ್ತಿತ್ತು. ಆ ಮನೆಯಲ್ಲಿ ನನಗಾಗಿ ಕಾದು ಕೂರುವವರು ಅದುವರೆಗೆ ಯಾರೂ ಇರಲಿಲ್ಲ. ಮಕ್ಕಳಿಗೂ ಹಸಿವಾದಾಗಷ್ಟೇ ನನ್ನ ನೆನಪು.

ಅದಕ್ಕೆ ನಾಲ್ಕು ತಿಂಗಳಾದಾಗ ಹುಚ್ಚುನಾಯಿ ರೋಗದ ಸೂಜಿ ಹಾಕಿಸಲು ಗಂಡನ ಆಟೋದಲ್ಲೇ ಗದ್ವಾಲಕ್ಕೆ ಕರೆದುಕೊಂಡು ಹೋದೆ. ಅಲ್ಲೊಬ್ಬಳು ನಾಯಿ ಡಾಕ್ಟರಮ್ಮ ಇದ್ದಾಳೆ, ತೆಲುಗಿನವಳು, ಚಿಕ್ಕ ವಯಸ್ಸು, ಮಾತು ಕಡಿಮೆ. ನಾಯಿಯ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, "ಮೊದಟಿ ಎದ ರಾಕಮುಂದೇ ಚೇಯಿಂಚೇಯಂಡಿ" ಅಂದಳು. ಮೊದಲ ಸಲ ಬೆದೆಗೆ ಬರುವುದರೊಳಗೆ ಆಪರೇಷನ್ ಮಾಡಿಸಿಬಿಡಿ ಎಂದು. ದೊಡ್ಡ ಜಾತಿಯ ನಾಯಿಯಾಗಿದ್ದರೆ ಮೂಳೆ ಬಲಿಯಲಿ ಎಂದು ಇನ್ನಷ್ಟು ಕಾಯಲು ಹೇಳುತ್ತಿದ್ದಳಂತೆ. ಇದು ಸಣ್ಣದು, ಸೊಂಟ ಕಿರಿದು, ಆರು ತಿಂಗಳು ತುಂಬಿದರೆ ಸಾಕು. ಬೇಗ ಮಾಡಿಸಿದರೆ ಮುಂದೆ ಮೊಲೆಯಲ್ಲಿ ಗಡ್ಡೆಯಾಗುವ ಭಯ ಕಡಿಮೆ, ಗರ್ಭಕೋಶ ಕೀವಾಗುವ ಭಯವೂ ಇಲ್ಲ. ನನಗೆ ಎಲ್ಲವೂ ಸರಿ ಅನ್ನಿಸಿತು. ಹೆಂಗಸರಿಗೆ ಯಾರೂ ಇಷ್ಟು ಬಿಡಿಸಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಹೇಳುವ ಕೆಲಸ ನನ್ನದೇ ಆಗಿತ್ತು, ನಾನೂ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಮನೆಗೆ ಬಂದು ಊಟಕ್ಕೆ ಕುಳಿತಾಗ ವಿಷಯ ತೆಗೆದೆ. ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟರು.

"ಮೈಲಾರಲಿಂಗನ ನಾಯಿಗೆ ಕತ್ತಿ ಹಾಕಸ್ತೀಯೇನ?"

"ಅದು ಮೈಲಾರಲಿಂಗನ ನಾಯಿ ಯಾವಾಗಾತ್ರಿ? ನಮ್ಮ ಮನೀ ನಾಯಿ" ಅಂದೆ.

ಆಗ ಗುಟ್ಟು ಹೊರಬಿತ್ತು. ಅದಕ್ಕೂ ಹಿಂದಿನ ಮಳೆಗಾಲದಲ್ಲಿ ನನ್ನ ಚಿಕ್ಕ ಮಗಳಿಗೆ ಡೆಂಗಿ ಜ್ವರ ಬಂದಿತ್ತು. ಮಹಬೂಬನಗರದ ದವಾಖಾನೆಯಲ್ಲಿ ಒಂಬತ್ತು ದಿನ ಡ್ರಿಪ್ ಹಚ್ಚಿ ಮಲಗಿಸಿದ್ದರು. ನಾನು ಅಲ್ಲಿ ಮಂಚದ ಕಬ್ಬಿಣಕ್ಕೆ ಹಣೆ ಹಚ್ಚಿ ಕುಳಿತಿದ್ದಾಗ ಅತ್ತೆ ಇಲ್ಲಿ ದೇವರಿಗೆ ಹರಕೆ ಹೊತ್ತಿದ್ದರು. ಮಗು ಉಳಿದರೆ ಮನೆಗೊಂದು ಹೆಣ್ಣು ನಾಯಿ ತಂದು ಸಾಕುತ್ತೇನೆ, ಅದರ ಚೊಚ್ಚಲ ಮರಿಯನ್ನು ನಿನ್ನ ಹೆಸರಿನಲ್ಲಿ ಕುರಿಹಿಂಡಿಗೆ ಬಿಡುತ್ತೇನೆ, ಎಂದು. ಗಂಡನಿಗೆ ಇದು ಮೊದಲಿನಿಂದ ಗೊತ್ತಿತ್ತು. ಗೋಣಿಚೀಲದಲ್ಲಿ ಅವನು ತಂದದ್ದು ನಾಯಿಮರಿಯನ್ನಲ್ಲ, ಆ ಹರಕೆಯನ್ನು. ಅದನ್ನು ಎತ್ತಿ ಮುದ್ದಾಡಿ ಅಲ್ಲಿತನಕ ಹಾಲು ಹಾಕಿದವಳು ನಾನು.

ನಾಯಿಗೂ ಆ ಮನೆಗೂ ಇರುವ ನಂಟು ಹಳೆಯದು, ಅದನ್ನು ಒಪ್ಪುತ್ತೇನೆ. ತೀರಿಕೊಂಡ ನನ್ನ ಮಾವ ಗೊರವರಾಗಿದ್ದರು. ಮೈಲಾರನ ಸೇವೆಯ ದಿನ ಕರಿ ಕಂಬಳಿ ಹೊದ್ದು, ದೋಣಿ ಎಂದು ಕರೆಯುವ ಮರದ ಬಟ್ಟಲಿನಲ್ಲಿ ಹಾಲು ಬಾಳೆಹಣ್ಣು ಹಾಕಿಸಿಕೊಂಡು, ಕೈ ಹಚ್ಚದೆ ಬಾಯಿಂದಲೇ ತಿನ್ನುತ್ತಿದ್ದರು. ಆ ಹೊತ್ತಿನಲ್ಲಿ ಅವರು ದೇವರ ನಾಯಿ, ಊರವರು ಅವರ ಕಾಲಿಗೆ ಬೀಳುತ್ತಿದ್ದರು. ಆ ದೋಣಿ ಇನ್ನೂ ನಮ್ಮ ಗೋಡೆಯ ಮೇಲೆ ತೂಗುತ್ತಿದೆ. ನಿಜವಾದ ನಾಯಿಗೆ ಮಾತ್ರ ಆ ಮನೆಯಲ್ಲಿ ತಗ್ಗು ಬಿದ್ದ ಅಲ್ಯುಮಿನಿಯಂ ತಟ್ಟೆ.

ಅಂದಿನಿಂದ ಶುರುವಾಯಿತು. ಗಂಡ ಹೇಳಿದ, "ಒಂದು ಸೂಲು ಆಗಲಿ ಬಿಡು. ಹೆಣ್ಣು ಜಲ್ಮ ಅಂದಮ್ಯಾಲ ಒಂದ್ಸಲನಾದ್ರೂ ತಾಯಿ ಆಗಬೇಕು, ಪಾಪ." ಆ ಪಾಪ ಎಂಬ ಮಾತು ಅವನ ಬಾಯಿಂದ ಹೆಣ್ಣಿನ ಸಲುವಾಗಿ ಬಂದದ್ದನ್ನು ನಾನು ಮೊದಲ ಸಲ ಕೇಳಿದೆ. ಎದುರು ಮನೆಯ ಮಾಸ್ತರರು ಆಪರೇಷನ್ ಆದ ನಾಯಿ ದಪ್ಪಗಾಗುತ್ತದೆ, ಬೊಗಳುವುದನ್ನು ಬಿಡುತ್ತದೆ ಎಂದರು. ಕಿರಾಣಿ ಅಂಗಡಿಯವನು ಅದರ ಹುರುಪೇ ಹೋಗುತ್ತದೆ ಎಂದ. ನನ್ನ ಆಪರೇಷನ್ ಆದಾಗ ನಾನು ದಪ್ಪಗಾಗುತ್ತೇನೆಯೇ, ನನ್ನ ಹುರುಪು ಹೋಗುತ್ತದೆಯೇ ಎಂದು ಈ ಓಣಿಯಲ್ಲಿ ಒಬ್ಬರೂ ತಲೆ ಕೆಡಿಸಿಕೊಂಡಿರಲಿಲ್ಲ. ನಾನಂತೂ ಬೊಗಳುವುದನ್ನು ಬಿಟ್ಟಿಲ್ಲ, ನೀವೇ ನೋಡುತ್ತಿದ್ದೀರಿ.

ಆದರೂ ಹಟ ಹಿಡಿದು ದಿನ ಗೊತ್ತು ಮಾಡಿದೆ. ಏಪ್ರಿಲ್‌ನಲ್ಲಿ ಒಂದು ಬುಧವಾರ. ನಾಯಿಗೆ ಹಿಂದಿನ ಸಂಜೆಯಿಂದ ಅನ್ನ ಹಾಕಲಿಲ್ಲ, ರಜೆ ಬರೆದು ಕೊಟ್ಟೆ, ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟೆ. ಅತ್ತೆ ಹೊಸ್ತಿಲ ಮೇಲೆ ಕುಳಿತಿದ್ದರು. ಅವರನ್ನು ದಾಟಿ ಹೋಗುವ ಧೈರ್ಯ ನನಗಿತ್ತು, ಅದನ್ನು ಹೇಳಲೇಬೇಕು. ಒಂದು ಕಾಲು ದಾಟಿಯೂ ಆಗಿತ್ತು. ಆಗ ಹಿಂದಿನಿಂದ ಚಿಕ್ಕ ಮಗಳು ಸೆರಗು ಹಿಡಿದಳು. ಹನ್ನೊಂದು ವರ್ಷದವಳು.

"ಅವ್ವಾ, ಹರಕಿ ಮುರಿದ್ರ ನನಗ ಮತ್ತ ಜ್ವರ ಬರತಾವಂತಲ್ಲ. ಅಜ್ಜಿ ಹೇಳ್ಯಾಳ."

ಜ್ವರ ಸೊಳ್ಳೆಯಿಂದ ಬರುತ್ತದೆ ಎಂದು ಮನೆಮನೆಗೆ ಹೋಗಿ ಹೇಳುವವಳು ನಾನು. ಅವರ ಹೂಜಿ, ಟೈರು, ತೊಟ್ಟಿ ಬಗ್ಗಿಸಿ ನೀರು ಚೆಲ್ಲಿಸುವವಳು ನಾನು. ಅದೆಲ್ಲ ಆ ಹೊಸ್ತಿಲಲ್ಲಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಮಗಳ ಕೈ ಸೆರಗಿನಲ್ಲಿತ್ತು, ಮಹಬೂಬನಗರದ ಆ ಮಂಚ ಕಣ್ಣ ಮುಂದೆ ಬಂತು, ಕಾಲು ಹಿಂದಕ್ಕೆ ತೆಗೆದುಕೊಂಡೆ. ಅತ್ತೆಯನ್ನು ಸುಟ್ಟುಬಿಡುವ ಹಾಗೆ ನೋಡಿದೆ. ಅವರು ಎದ್ದು ಒಳಗೆ ಹೋಗಿ ನಾಯಿಗೆ ಅನ್ನ ಕಲಸಿ ತಂದರು.

ಡಾಕ್ಟರಮ್ಮನಿಗೆ ಫೋನ್ ಮಾಡಿ ಬರುವುದಿಲ್ಲ ಎಂದೆ. ಕಾರಣವನ್ನೂ ಹೇಳಿದೆ. ಅವಳು ನಗಲಿಲ್ಲ, ಬಯ್ಯಲೂ ಇಲ್ಲ. ಮರಿ ಬೇಕೇಬೇಕೆಂದರೆ ಮೊದಲನೇ ಬೆದೆಯಲ್ಲಂತೂ ಬೇಡ, ಅದಿನ್ನೂ ಕೂಸು, ಒಂದೂವರೆ ವರ್ಷ ದಾಟಲಿ, ಆಮೇಲೆ ಒಂದು ಸೂಲು ಹಾಕಿಸಿ ಆಪರೇಷನ್ ಮಾಡಿಸೋಣ ಅಂದಳು. ಕೊನೆಯಲ್ಲಿ ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ: "ಎದಕೊಚ್ಚಿನಪ್ಪುಡು ಕಟ್ಟೇಯಂಡಿ. ಅಯಿಪೋಯೇದಾಕಾ ವದಲಕಂಡಿ." ಬೆದೆಗೆ ಬಂದಾಗ ಕಟ್ಟಿಹಾಕಿ, ಮುಗಿಯುವವರೆಗೆ ಬಿಡಬೇಡಿ. ಈ ರಾಜಿಗೆ ಅತ್ತೆಯೂ ಒಪ್ಪಿದರು, ಹರಕೆಗೆ ಅವಸರವಿಲ್ಲ ಎಂದರು. ನನಗೂ ಗೆದ್ದಂತಾಯಿತು. ಇನ್ನು ಮಾಡಬೇಕಾದದ್ದು ಒಂದೇ, ಮೊದಲ ಬೆದೆಯನ್ನು ಸುಸೂತ್ರ ದಾಟಿಸುವುದು.

ಜೂನ್‌ನಲ್ಲಿ ಅದಕ್ಕೆ ಎಂಟು ತಿಂಗಳು. ಒಂದು ಬೆಳಿಗ್ಗೆ ಪಡಸಾಲೆಯ ಬಂಡೆಯ ಮೇಲೆ ರಕ್ತದ ಹನಿ ಕಂಡವು. ಅತ್ತೆ ನೋಡಿ, "ಹುಡುಗಿ ಹೊರಗಾಗ್ಯಾಳ" ಅಂದರು. ನಮ್ಮ ಮನೆಯಲ್ಲಿ ಹೆಂಗಸರು ಮುಟ್ಟಾದರೆ ಹಿತ್ತಲಿನ ಹಳೆಯ ಕುರಿದೊಡ್ಡಿಯ ಪಕ್ಕದ ಕೋಣೆಯಲ್ಲಿ ಇರಬೇಕು. ನಾನು ಎಷ್ಟೋ ವರ್ಷ ಜಗಳವಾಡಿ ಆ ಪದ್ಧತಿಯನ್ನು ನನ್ನ ಮಟ್ಟಿಗೆ ಬಿಡಿಸಿಕೊಂಡಿದ್ದೆ. ಈಗ ಆ ಕೋಣೆಗೆ ನಾಯಿ ಹೋಯಿತು. ನನಗೂ ಅನುಕೂಲವೇ ಆಗಿತ್ತು, ಬಾಗಿಲು ಗಟ್ಟಿ, ಚಿಲಕ ಗಟ್ಟಿ. ಓಣಿಯ ಗಂಡುನಾಯಿಗಳು ಗೋಡೆಯ ಆಚೆ ಠಿಕಾಣಿ ಹೂಡಿದವು. ನಾನು, ಹೆಣ್ಣುಮಕ್ಕಳು, ಅತ್ತೆ ನಾಲ್ವರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆವು. ಆ ಮನೆಯ ಹೆಂಗಸರು ಒಂದೇ ಕೆಲಸಕ್ಕೆ ಒಂದಾಗಿದ್ದು ಅದೇ ಮೊದಲು.

ಒಂಬತ್ತನೇ ದಿನ ರಕ್ತ ನಿಂತಿತು. ಹತ್ತನೇ ದಿನ ಅತ್ತೆ ನೀರು ಕಾಯಿಸಿದರು. ಮುಟ್ಟು ಮುಗಿದವರಿಗೆ ಹಾಕುವ ಹಾಗೆ ನಾಯಿಯ ತಲೆಯ ಮೇಲೆ ಚೊಂಬಿನಿಂದ ನೀರು ಹಾಕಿದರು. ಮಕ್ಕಳು ನಗುತ್ತ ಅದರ ಹಣೆಗೆ ಅರಿಸಿನ ಬಳಿದರು. ಅದು ಮೈ ಕೊಡವಿ ಎಲ್ಲರ ಮೇಲೂ ಅರಿಸಿನದ ನೀರು ಸಿಡಿಸಿತು. ಅತ್ತೆ, "ಮುಗೀತು, ಇನ್ನ ಬಿಡು" ಅಂದರು.

ನಾನು ಅತ್ತೆಯ ಮಾತು ಕೇಳಿ ಬಿಟ್ಟೆ ಎಂದು ಹೇಳಿದರೆ ನನಗೆ ಹಗುರಾಗುತ್ತದೆ. ಆದರೆ ಹಾಗಾಗಲಿಲ್ಲ. ನಾನು ನನ್ನ ಓದಿನ ಮಾತು ಕೇಳಿ ಬಿಟ್ಟೆ. ತರಬೇತಿಯಲ್ಲಿ ನಮಗೆ ಬಣ್ಣದ ಮಣಿಗಳ ಸರ ಕೊಟ್ಟಿದ್ದರು. ಕೆಂಪು ಮಣಿ ಮುಟ್ಟಿನ ಮೊದಲ ದಿನ, ಅದರ ಪಕ್ಕದ ಕಂದು ಮಣಿಗಳು ಭಯವಿಲ್ಲದ ದಿನಗಳು, ಆಮೇಲೆ ಬಿಳಿ ಮಣಿಗಳು ಬಂದರೆ ಹುಷಾರು. ಈ ಸರ ತೋರಿಸಿ ಎಷ್ಟೋ ಹೊಸ ಮದುವಣಗಿತ್ತಿಯರಿಗೆ ಪಾಠ ಹೇಳಿದ್ದೇನೆ. ನಾಯಿಗೂ ಅದೇ ಸರ ಹಾಕಿದೆ, ಎಣಿಕೆಯನ್ನು ಮಾತ್ರ ರಕ್ತ ನಿಂತ ದಿನದಿಂದ ಹಿಡಿದೆ. ರಕ್ತ ನಿಂತಿದೆ, ಮುಗಿದಿದೆ, ಈಗ ಕೆಲವು ದಿನ ಭಯವಿಲ್ಲ ಎಂದು ಲೆಕ್ಕ ಹಾಕಿ ನನ್ನ ಕೈಯಾರೆ ಹಗ್ಗ ಬಿಚ್ಚಿದೆ. ನಾಯಿಗಳಲ್ಲಿ ರಕ್ತ ನಿಲ್ಲುವ ಹೊತ್ತಿಗೇ ನಿಜವಾದ ದಿನಗಳು ಶುರುವಾಗುತ್ತವೆ ಎಂದು ಡಾಕ್ಟರಮ್ಮ ಆಮೇಲೆ ಹೇಳಿದಳು. ಮೂರು ವಾರವೂ ಕಟ್ಟಿರಬೇಕಿತ್ತು. ಅವಳು ಮುಗಿಯುವವರೆಗೆ ಅಂದದ್ದು ಬೆದೆ, ನಾವು ಕೇಳಿಸಿಕೊಂಡದ್ದು ಮುಟ್ಟು. ಅತ್ತೆಯ ಮಡಿ ಮೈಲಿಗೆ, ನನ್ನ ತರಬೇತಿ, ಜನ್ಮದಲ್ಲಿ ಒಮ್ಮೆ ಎರಡೂ ಕೂಡಿಕೊಂಡು ಒಂದೇ ತಪ್ಪು ಮಾಡಿದವು.

ಮರುದಿನ ಮಧ್ಯಾಹ್ನ ದೊಡ್ಡ ಮಗಳು ಓಡುತ್ತ ಬಂದಳು. ಕೆರೆಯ ಏರಿಯ ಹತ್ತಿರ ನಾಯಿ ಸಿಕ್ಕಿಕೊಂಡು ನಿಂತಿತ್ತು. ಅದರ ಎರಡರಷ್ಟು ದೊಡ್ಡದಾದ ಒಂದು ಕರಿನಾಯಿ. ಬಟ್ಟೆ ಒಗೆಯುತ್ತಿದ್ದವರು ನಗುತ್ತಿದ್ದರು, ಯಾರೋ ಕಲ್ಲು ಎಸೆದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅದು ನನ್ನನ್ನು ನೋಡಿ ಬಾಲ ಅಲ್ಲಾಡಿಸಲು ನೋಡಿತು, ಆಗಲಿಲ್ಲ. ಹಣೆಯ ಮೇಲೆ ಅರಿಸಿನ ಹಾಗೇ ಇತ್ತು. ನನಗೆ ಅಳು ಬಂತು, ನಾಚಿಕೆಯೂ ಆಯಿತು, ಅದಕ್ಕಿಂತ ಹೆಚ್ಚಾಗಿ ಆ ನಗುವವರ ಮೇಲೆ ರೋಷ ಬಂದು ಬಾಯಿಗೆ ಬಂದದ್ದನ್ನೆಲ್ಲ ಬೈದೆ.

ಆಗಲೂ ಕಾಲ ಮಿಂಚಿರಲಿಲ್ಲ. ಫೋನ್ ಮಾಡಿದರೆ ಡಾಕ್ಟರಮ್ಮ, "ಮೂರು ನಾಲ್ಕು ವಾರದೊಳಗೆ ಕರೆತನ್ನಿ, ಆಪರೇಷನ್ ಮಾಡಬಹುದು, ಇಷ್ಟು ಸಣ್ಣ ಸೊಂಟಕ್ಕೆ ಅದೇ ಒಳ್ಳೆಯದು" ಎಂದಳು. ಮನೆಯಲ್ಲಿ ಹೇಳಿದೆ. ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು. "ನಾವು ಬ್ಯಾಡಂದ್ರೂ ಆ ದೇವರು ತಂದು ತುಂಬ್ಯಾನ. ಈಗ ತಗಿಸಿದ್ರ ಕೊಲಿ ಆಕ್ಕೈತಿ." ಗಂಡ ಆಟೋ ಒರೆಸುತ್ತ, "ಆಗಿದ್ದು ಆತು, ಬಿಡು" ಅಂದ. ನಾನು ಬಿಟ್ಟೆ. ಏಪ್ರಿಲ್‌ನಲ್ಲಿ ಮಗಳು ಸೆರಗು ಹಿಡಿದಿದ್ದಳು, ಅದೊಂದು ನೆಪ. ಈ ಸಲ ಯಾರೂ ಸೆರಗು ಹಿಡಿದಿರಲಿಲ್ಲ. ದಿನಾ ನಾಳೆ ನಾಳೆ ಎನ್ನುತ್ತ ನಾಲ್ಕು ವಾರ ಕಳೆದೆ. ಹೇಡಿತನಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಆಗಸ್ಟ್‌ನಲ್ಲಿ ಒಂದು ಭಾನುವಾರ ನಸುಕಿನಲ್ಲಿ ಅದು ಆ ಕೋಣೆಯ ಮೂಲೆಯಲ್ಲಿ ನೆಲ ಕೆರೆಯತೊಡಗಿತು. ಏಳು ಗಂಟೆಗೆ ಒಂದು ಮರಿ ಬಂತು. ಕಪ್ಪಗಿತ್ತು, ದೊಡ್ಡದಿತ್ತು, ಉಸಿರಿರಲಿಲ್ಲ. ತಾಯಿ ಅದನ್ನು ನೆಕ್ಕಿ ನೆಕ್ಕಿ ಸುಮ್ಮನಾಯಿತು. ದೊಡ್ಡ ಮಗಳು ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಹಿತ್ತಲಲ್ಲಿ ಹೂತು ಬಂದಳು. ಎರಡನೆಯದು ಬರಲೇ ಇಲ್ಲ. ನಾಯಿ ತಿಣುಕುತ್ತಿತ್ತು, ನಡುಗುತ್ತಿತ್ತು, ನನ್ನ ಕಡೆ ನೋಡುತ್ತಿತ್ತು. ಅತ್ತೆ ಕೈಗೆ ಎಣ್ಣೆ ಹಚ್ಚಿಕೊಂಡು ಕುಳಿತರು. ನೂರಾರು ಕುರಿಗಳ ಹೆರಿಗೆ ಮಾಡಿಸಿದ ಕೈ ಅದು, ಅಡ್ಡ ತಿರುಗಿದ ಕುರಿಮರಿಗಳನ್ನು ಸರಿಪಡಿಸಿ ಎಳೆದು ತೆಗೆದ ಕೈ. ಎರಡು ಬೆರಳಿಗಿಂತ ಹೆಚ್ಚು ಒಳಗೆ ಹೋಗಲಿಲ್ಲ. ಅವರು ಕೈ ತೆಗೆದು ಅದನ್ನೇ ನೋಡುತ್ತ ಕುಳಿತರು.

"ನನ್ನ ಕೈ ದೊಡ್ಡದಾತವ್ವಾ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಕನಿಕರ ಬರಲಿಲ್ಲ.

ಗಂಡ ಆಟೋ ತೆಗೆದ. ಅತ್ತೆಯ ಮಡಿಲಲ್ಲಿ ನಾಯಿ, ನಾನು ಪಕ್ಕದಲ್ಲಿ. ಹೆಂಗಸಿಗೆ ಹೀಗಾದರೆ ಫೋನ್ ಮಾಡಿದರೆ ಗಾಡಿ ಬರುತ್ತದೆ, ನಾನೇ ಎಷ್ಟೋ ಸಲ ಕರೆಸಿದ್ದೇನೆ. ಗದ್ವಾಲಕ್ಕೆ ಜೂರಾಲದ ಅಣೆಕಟ್ಟಿನ ಮೇಲಿಂದ ಹೋಗಬೇಕು. ಅಂದು ಗೇಟು ಎತ್ತಿದ್ದರು, ಭಾನುವಾರ ಬೇರೆ. ಕೋಸಗಿಯಿಂದ, ಎಲ್ಲೆಲ್ಲಿಂದಲೋ ಜನ ಕೃಷ್ಣೆಯ ನೀರು ನೋಡಲು ಬಂದಿದ್ದರು. ಕಾರು, ಬೈಕು, ಮೀನು ಕರಿಯುವ ಬಂಡಿಗಳು, ಫೋಟೋ ತೆಗೆದುಕೊಳ್ಳುವವರು, ರಸ್ತೆಯೇ ಕಾಣುತ್ತಿರಲಿಲ್ಲ. ಗಂಡ ಇಳಿದು ಹೋಗಿ ಕೈಮುಗಿದು ದಾರಿ ಬಿಡಿ ಎಂದು ಕೇಳಿದ. ಒಬ್ಬ ಆಟೋದೊಳಗೆ ಬಗ್ಗಿ ನೋಡಿ, "ಕುಕ್ಕನಾ?" ಎಂದು, ನಾಯಿಯೇ ಎಂದು ಕೇಳಿ ನಕ್ಕು, ಕರಿದ ಮೀನಿನ ಕಾಗದ ಹಿಡಿದು ಆಚೆ ಹೋದ. ಮುಕ್ಕಾಲು ಗಂಟೆ ಅಲ್ಲೇ ನಿಂತೆವು. ಗೇಟಿನಿಂದ ಏಳುವ ನೀರಿನ ಹನಿಗಳು ಬಂದು ನಾಯಿಯ ಮುಖದ ಮೇಲೆ ಬಿದ್ದವು. ಅದು ನಾಲಿಗೆ ಚಾಚಿ ನೆಕ್ಕಿಕೊಂಡಿತು.

ಡಾಕ್ಟರಮ್ಮ ನೋಡಿದ ಕೂಡಲೇ ಒಳಗೆ ತೆಗೆದುಕೊಂಡು ಹೋದಳು. ಹೊಟ್ಟೆ ಕೊಯ್ದು, ಸಿಕ್ಕಿಕೊಂಡ ಸತ್ತ ಮರಿಯನ್ನೂ ಅದರ ಹಿಂದಿದ್ದ ಜೀವದ ಮರಿಯನ್ನೂ ತೆಗೆದಳು. ಗರ್ಭಕೋಶ ಹರಿದಿತ್ತು, ಅದನ್ನೂ ತೆಗೆದಳು. ಮಧ್ಯಾಹ್ನ ಹೊರಗೆ ಬಂದಳು. ಅವಳ ಮುಖ ನೋಡಿಯೇ ನನಗೆ ತಿಳಿಯಿತು. ಏಪ್ರಿಲ್‌ನಲ್ಲಿ ಯಾವುದನ್ನು ಮಾಡಿಸಬೇಕೆಂದು ಹೊರಟಿದ್ದೆನೋ ಅದು ಆಗಿತ್ತು. ಆಪರೇಷನ್ ಆಗಿತ್ತು, ನಾಯಿ ಇರಲಿಲ್ಲ.

ಉಳಿದ ಮರಿ ಹೆಣ್ಣು. ತಾಯಿಯ ಬಣ್ಣವೇ, ಬಿಳಿ ಕಾಲು ಮಾತ್ರ ಇಲ್ಲ. ಡಾಕ್ಟರಮ್ಮ ಹೇಳಿದ ಪುಡಿಹಾಲನ್ನು ಎರಡು ಗಂಟೆಗೊಮ್ಮೆ ಮಕ್ಕಳೂ ನಾನೂ ಕುಡಿಸಿದೆವು. ಐದಾರು ದಿನ ಅತ್ತೆ ಸರಿಯಾಗಿ ಉಣ್ಣಲಿಲ್ಲ. ಆಮೇಲೆ ಒಂದು ಸಂಜೆ ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೆನ್ನು ಸವರುತ್ತ, "ಶೇಂಗಾ ಕಿತ್ತಮ್ಯಾಲ ಕುರಿಯವರು ಐಜದ ಕಡೆ ಬರತಾರ. ಆಗ ಬಿಟ್ಟು ಬರೋಣು. ಹರಕಿ ತೀರಿದಂಗಾತು" ಅಂದರು.

ನಾನು ಎದ್ದು ಹೋಗಿ ಆ ಮರಿಯನ್ನು ಅವರ ತೊಡೆಯಿಂದ ಎತ್ತಿಕೊಂಡೆ.

"ನೀವು ಹೊತ್ತದ್ದು ಚೊಚ್ಚಲ ಮರಿಗಿ. ಚೊಚ್ಚಲ ಮರಿ ಹಿತ್ತಲದಾಗ ಐತಿ, ನಿಮ್ಮ ಮೊಮ್ಮಗಳು ಹೂತು ಬಂದಾಳ. ನಿಮ್ಮ ದೇವರು ತಂದು ತಾನು ತಗೊಂಡಾನ. ಇದು ಮೂರನೇದು. ಇದು ನಂದ್ರಿ."

ಅತ್ತೆ ಖಾಲಿಯಾದ ತೊಡೆಯ ಮೇಲಿನ ಸೀರೆ ಕೊಡವಿಕೊಂಡು ಎದ್ದರು. ಮಾತಿಗೆ ತಪ್ಪದವರು ಅವರು, ಹೊತ್ತ ಮಾತಿನ ಅಕ್ಷರ ಮೀರುವುದು ಅವರಿಂದ ಆಗುವುದಿಲ್ಲ. ಗಂಡ ನನ್ನನ್ನೂ ಅವ್ವನನ್ನೂ ನೋಡಿ ಹೊರಗೆ ನಡೆದ. ಗೆದ್ದ ಖುಷಿ ಇರಲಿಲ್ಲ. ಅವರು ಹೊತ್ತದ್ದು 'ಒಂದು ಹೆಣ್ಣು ನಾಯಿ' ಎಂದಷ್ಟೇ, ಹರಕೆಗೆ ಇನ್ನೊಂದನ್ನು ತಂದಿದ್ದರೂ ನಡೆಯುತ್ತಿತ್ತು; ಇಷ್ಟು ಸಣ್ಣ ಮಾತು ಏಪ್ರಿಲ್‌ನಲ್ಲಿ ಯಾಕೆ ಹೊಳೆಯಲಿಲ್ಲ, ಹರಕೆಯಲ್ಲೊಂದು ಸಂದಿ ಹುಡುಕಲು ಒಂದು ಜೀವ ಹೋಗಬೇಕಿತ್ತೇ ಎಂದು ಆ ರಾತ್ರಿಯಿಡೀ ನನ್ನ ಮೇಲೆ ನಾನೇ ಉರಿದುಕೊಂಡೆ.

ಈ ಫೆಬ್ರವರಿಯಲ್ಲಿ ಮರಿಗೆ ಆರು ತಿಂಗಳು ತುಂಬಿತು. ಯಾರನ್ನೂ ಕೇಳಲಿಲ್ಲ. ಗಂಡನ ಆಟೋವನ್ನೂ ಹತ್ತಲಿಲ್ಲ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಗದ್ವಾಲಕ್ಕೆ ಹೋದೆ. ಡಾಕ್ಟರಮ್ಮನ ಹತ್ತಿರ ಕೆಲಸಕ್ಕಿರುವ ಹೆಂಗಸು ಒಪ್ಪಿಗೆಯ ಕಾಗದ ಚಾಚಿ, "ಇಂಟ್ಲೋ ಚೆಪ್ಪಿನಾರಾ ಅಮ್ಮಾ?" ಎಂದು ಕೇಳಿದಳು. ಮನೆಯಲ್ಲಿ ಹೇಳಿ ಬಂದಿರಾ ಎಂದು. ಪೆನ್ನು ತೆಗೆದುಕೊಂಡು ನನ್ನ ಹೆಸರನ್ನು ಕನ್ನಡದಲ್ಲಿ, ಪೂರ್ತಿಯಾಗಿ, ಗೆರೆ ಮೀರುವಷ್ಟು ದೊಡ್ಡದಾಗಿ ಬರೆದೆ. ಹನ್ನೊಂದು ವರ್ಷದ ಹಿಂದೆ ಬರೆಯಬೇಕಾಗಿದ್ದ ಹೆಸರು ಅದು.

ಆಮೇಲೆ ಒಳಗೆ ಮೇಜಿನ ಮೇಲೆ ಮರಿಯನ್ನು ಮಲಗಿಸಿದರು. ಅದು ಕೊಸರಾಡುತ್ತಿತ್ತು, ಎದ್ದು ನನ್ನ ಕಡೆ ಬರಲು ನೋಡುತ್ತಿತ್ತು. ಹಿಡಿದುಕೊಳ್ಳಿ ಎಂದಳು ಡಾಕ್ಟರಮ್ಮ. ಅದರ ಒಳ್ಳೆಯದಕ್ಕೇ ಇದೆಲ್ಲ, ನನಗೆ ಗೊತ್ತು. ನನಗೂ ಆ ದಿನ ಹಾಗೆಯೇ ಹೇಳಿದ್ದರು. ಸೂಜಿ ಬೇಗ ಆಗಲಿ ಎಂದು ನಾನು ಅದರ ಮುಂಗಾಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.